ತಲೆ ಹಿಂದೆ ಕೈಗೆ ಸಿಗುವ ಗಂಟು ಗಡ್ಡೆಯಾ?

ತಲೆ ಬಾಚುವಾಗ ಹಿಂದೆ, ಸರಿಯಾಗಿ ನಡುವೆ, ಕಲ್ಲಿನಂಥ ಗಂಟು ಸಿಕ್ಕಿತು, ನೋವಿಲ್ಲ, ಗಡ್ಡೆ ಇರಬಹುದಾ ಅಂತ ಕೇಳಿದ್ದೀರಿ. ನೀವು ಹೇಳಿದ ಜಾಗ ನೋಡಿದರೆ ಅದು ಬಹುಶಃ ನಿಮ್ಮ ಬುರುಡೆಯದೇ ಉಬ್ಬು. ನಾನು ಫಿಸಿಯೋಥೆರಪಿಸ್ಟ್. ಕುತ್ತಿಗೆ ನೋವು ಅಂತ ಬಂದವರಲ್ಲಿ ದಿನಾ ನನ್ನ ಬೆರಳಿಗೆ ಸಿಗುವ ಮೂಳೆ ಅದು.

ಈಗಲೇ ಮುಟ್ಟಿ ನೋಡಿ. ಕುತ್ತಿಗೆ ಹಿಂದಿನ ಗುಳಿಯಲ್ಲಿ ಬೆರಳಿಟ್ಟು ಮೇಲಕ್ಕೆ ಜಾರಿಸಿ. ಮೊದಲು ಮೆತ್ತಗಿರುತ್ತದೆ, ಆಮೇಲೆ ಟಕ್ ಅಂತ ಮೂಳೆ ತಡೆಯುತ್ತದೆ. ಅದು ಆಕ್ಸಿಪಿಟಲ್ ಮೂಳೆಯ ಉಬ್ಬು. ಅದರ ತುದಿಗೆ ಇನಿಯನ್ ಅಂತಾರೆ. ಭುಜದವರೆಗೂ ಇಳಿಯುವ ಟ್ರೆಪೀಜಿಯಸ್ ಸ್ನಾಯು ಅಲ್ಲಿಗೂ ಅಂಟಿಕೊಂಡಿದೆ. ಸಾಮಾನ್ಯವಾಗಿ ಗಂಡಸರಲ್ಲಿ ಇದು ಜಾಸ್ತಿ ಎದ್ದು ಕಾಣುತ್ತದೆ. ಕೆಲವರಲ್ಲಂತೂ ಸಣ್ಣ ಕೊಕ್ಕೆಯ ಹಾಗೇ ಇರುತ್ತದೆ.

ಅಲ್ಲಿಂದ ಬೆರಳನ್ನು ಪಕ್ಕಕ್ಕೆ ಸರಿಸುತ್ತಾ ಕಿವಿ ಹಿಂದಕ್ಕೆ ಬನ್ನಿ. ಕಿವಿಯ ಹಾಲೆ ಹಿಂದೆ ಇನ್ನೊಂದು ದಪ್ಪ ಉಬ್ಬು ಸಿಗುತ್ತದೆ, ಅದು ಮಾಸ್ಟಾಯ್ಡ್. ಆಗ ತಾನೇ ಹುಟ್ಟಿದ ಮಗುವಿಗೆ ಅದು ಇರುವುದೇ ಇಲ್ಲ. ಮಗು ಕತ್ತು ನಿಲ್ಲಿಸಲು ಕಲಿತ ಮೇಲೆ ಸ್ನಾಯು ಎಳೆದೂ ಎಳೆದೂ ಬೆಳೆಯುತ್ತದೆ.

ಬುರುಡೆಯಲ್ಲಿ ಒಟ್ಟು 22 ಮೂಳೆ. ಅಲುಗಾಡುವುದು ಕೆಳದವಡೆ ಒಂದೇ. ಕಾಲೇಜಿನಲ್ಲಿ ಇವೆಲ್ಲ ನನಗೆ ಬಾಯಿಪಾಠ. ಆದರೆ ವೈವಾದಲ್ಲಿ ಮೇಷ್ಟ್ರು ‘ಟೀರಿಯಾನ್ ಎಲ್ಲಿದೆ, ನಿನ್ನ ತಲೆ ಮೇಲೇ ತೋರಿಸು’ ಅಂದಾಗ ನನ್ನ ಬೆರಳು ಹೋಗಿದ್ದು ಕಿವಿ ಮೇಲಕ್ಕೆ! ಅದು ಇರುವುದು ಕಣತಲೆಯಲ್ಲಿ. ಕೆನ್ನೆಮೂಳೆಯಿಂದ ಕಿವಿ ಕಡೆ ಹೋಗುವ ಕಮಾನಿನ ಮೇಲೆ ಎರಡು ಬೆರಳು ಅಡ್ಡ ಇಡಿ, ಹೆಚ್ಚುಕಮ್ಮಿ ಅಲ್ಲೇ. ನಾಲ್ಕು ಮೂಳೆ ಸೇರುವ ಜಾಗ, ಮೂಳೆಯೂ ತೆಳು. ಒಳಗೇ ಮಿದುಳಿನ ಪೊರೆಗೆ ರಕ್ತ ಒಯ್ಯುವ ನಾಳ ಇದೆ. ಅಲ್ಲಿ ಜೋರು ಪೆಟ್ಟು ಬಿದ್ದರೆ ಅದು ಹರಿದು ಒಳಗೊಳಗೇ ರಕ್ತ ತುಂಬಬಹುದು. ಸುಮ್ನೆ ಹೆಲ್ಮೆಟ್ ಹಾಕಿ ಅನ್ನುವುದಿಲ್ಲ, ಅಲ್ವಾ?

ನಿಮ್ಮ ಗಂಟಿಗೆ ಬರುತ್ತೇನೆ. ಅದು ಎಷ್ಟು ಒತ್ತಿದರೂ ಕದಲದೆ, ವರ್ಷಗಳಿಂದ ಹಾಗೇ ಇದ್ದರೆ ಚಿಂತೆ ಬೇಡ. ನಡುವೆ ಇರದೆ ಪಕ್ಕದಲ್ಲಿದ್ದು, ಬಟಾಣಿಯಂತೆ ಚರ್ಮದಡಿ ಜಾರಿದರೆ ಅದು ಮೂಳೆಯಲ್ಲ. ಹೇನು, ತಲೆಹುಣ್ಣು ಇದ್ದಾಗ ಅಲ್ಲಿನ ಗ್ರಂಥಿಗಳು ಹಾಗೆ ಊದಿಕೊಳ್ಳುತ್ತವೆ. ಹೊಸದಾಗಿ ಬಂದಿದ್ದರೆ, ದೊಡ್ಡದಾಗುತ್ತಿದ್ದರೆ ಅಥವಾ ನೋವು ಶುರುವಾದರೆ ಡಾಕ್ಟರಿಗೆ ತೋರಿಸಿ.