ಗೆದ್ದ ಮೇಲೆ ಶುರುವಾದ ಹೊಟ್ಟೆನೋವು

ನಾನು ಆಪ್ತಸಲಹೆಗಾರ್ತಿ. ಹುಡುಗ, ಅವನ ಅಮ್ಮ, ಕೋಚ್, ಮೂವರೂ ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಯಾರ ಹೆಸರೂ ಹಾಕಿಲ್ಲ. ಗುರುತು ಸಿಗಬಾರದು ಎಂದು ಒಂದೆರಡು ವಿವರ ಬದಲಿಸಿದ್ದೇನೆ.

ಹುಡುಗ ಒಂಬತ್ತನೇ ಕ್ಲಾಸು, ಊರಿನ ಟೀಮಿನಲ್ಲಿ ಕಬಡ್ಡಿ ಆಡುತ್ತಾನೆ. ಮನೆ ಉಡುಪಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರ. ಅಮ್ಮ ಬೀಡಿ ಕಟ್ಟುತ್ತಾರೆ, ಅಪ್ಪ ಮುಂಬೈಯಲ್ಲಿ ಹೋಟೆಲ್ ಕೆಲಸ. ಎರಡು ತಿಂಗಳಿಂದ ಶನಿವಾರ, ಆದಿತ್ಯವಾರ ಬೆಳಿಗ್ಗೆ ಅವನಿಗೆ ಹೊಟ್ಟೆನೋವು. ಡಾಕ್ಟರು ನೋಡಿದರು, ಸ್ಕ್ಯಾನಿಂಗೂ ಆಯಿತು. ಏನೂ ಇಲ್ಲ. ವಾರದ ಮಧ್ಯೆ ನೋವಿಲ್ಲ, ಊಟ ಸರಿ, ನಿದ್ದೆ ಸರಿ. "ಮ್ಯಾಚಿನ ದಿನ ಮಾತ್ರ ಮೇಡಂ. ಸೋಲುವ ಹೆದರಿಕೆ ಅಂತ ಅವರ ಕೋಚ್ ಹೇಳ್ತಾರೆ" ಎಂದರು ಅಮ್ಮ.

ಇಲ್ಲಿ ಒಂದು ಮಾತು. ಇಂಥ ನೋವು ನಾಟಕ ಅಲ್ಲ. ಹೊಟ್ಟೆಗೂ ಮೆದುಳಿಗೂ ನರಗಳ ನೇರ ಸಂಬಂಧ ಇದೆ. ಹೆದರಿಕೆ, ಚಿಂತೆ ಜಾಸ್ತಿಯಾದರೆ ಕರುಳಿನ ಕೆಲಸ ಏರುಪೇರಾಗಿ ನಿಜವಾಗಿಯೇ ನೋವಾಗುತ್ತದೆ. ಆದರೆ ಮೊದಲು ಡಾಕ್ಟರ ಹತ್ತಿರ ಹೋಗಲೇಬೇಕು. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ವಾಂತಿ, ರಕ್ತ, ತೂಕ ಇಳಿಯುವುದು ಇದ್ದರೆ ಅದನ್ನು ಮನಸ್ಸಿನದ್ದು ಎಂದು ತಳ್ಳಿಹಾಕಬಾರದು. ಈ ಅಮ್ಮ ಸರಿಯಾದ ದಾರಿಯಲ್ಲೇ ಬಂದಿದ್ದರು.

ಹುಡುಗ ಮೊದಲ ದಿನ ಹತ್ತು ಮಾತೂ ಆಡಲಿಲ್ಲ. ತುಳುವಿನಲ್ಲಿ ಕೇಳಿದರೂ ಅಷ್ಟೇ. ಎರಡನೇ ಸಲ ಮೇಜಿನ ಮೇಲೆ ಏಳು ನಾಣ್ಯ ಇಟ್ಟು, "ನನಗೆ ಕಬಡ್ಡಿ ಸರಿಯಾಗಿ ಗೊತ್ತಿಲ್ಲ, ನಿಮ್ಮ ಟೀಮು ಹೇಗೆ ನಿಲ್ಲುತ್ತದೆ ಅಂತ ತೋರಿಸು" ಎಂದೆ. ಅವನ ಬೆನ್ನು ನೇರವಾಯಿತು. ಎರಡು ಕಾರ್ನರ್, ಎರಡು ಇನ್, ಎರಡು ಕವರ್, ನಡುವೆ ಒಬ್ಬ. ಎಡ ಕಾರ್ನರ್ ತಾನು. ಎದುರಿನ ಟೀಮಿನಿಂದ ಮುಟ್ಟಲು ಬರುವ ರೈಡರ್ ಕಾಲು ಚಾಚಿದಾಗ ಆ್ಯಂಕಲ್, ಅಂದರೆ ಪಾದದ ಗಂಟು, ಹಿಡಿಯುವುದು ತನ್ನ ಕೆಲಸ. ಮೂವತ್ತು ಸೆಕೆಂಡಿನ ಒಂದು ರೈಡಿನಲ್ಲಿ ತನಗೆ ಸಿಗುವ ಅವಕಾಶ ಒಂದೇ ಕ್ಷಣದ್ದು. ಚೆಂದ ಹೇಳಿದ.

"ಔಟಾದರೆ?" ಎಂದು ಕೇಳಿದೆ. ತನ್ನ ನಾಣ್ಯ ತೆಗೆದ. ಅಂಕಣದ ಪಕ್ಕ ಇಡಲಿಲ್ಲ. ಮೇಜಿನ ತುದಿಗೆ, ಪೆನ್ನಿನ ಡಬ್ಬಿಯ ಹತ್ತಿರ ಇಟ್ಟ. "ಇಲ್ಲಿ ಅಣ್ಣ ಇರ್ತಾರೆ."

ಅಣ್ಣ ಎಂದರೆ ಕೋಚ್. ಕಬಡ್ಡಿಯಲ್ಲಿ ಔಟಾದವನ ಆಟ ಮುಗಿಯುವುದಿಲ್ಲ. ಹೊರಗೆ ಕೂರುತ್ತಾನೆ. ನಮ್ಮವರು ಎದುರಿನ ಒಬ್ಬನನ್ನು ಔಟ್ ಮಾಡಿದರೆ, ಮೊದಲು ಔಟಾಗಿದ್ದವನು ಮೊದಲು ಒಳಗೆ. ಹೀಗಾಗಿ ಪ್ರತಿ ಹುಡುಗನೂ ಒಂದು ಪಂದ್ಯದಲ್ಲಿ ನಾಲ್ಕಾರು ಸಲ ಕೋಚ್ ಪಕ್ಕ ಕೂತು ಎದ್ದು ಬರುತ್ತಾನೆ. ನಮ್ಮ ಹುಡುಗನಿಗೆ ಇಡೀ ಅಂಕಣದಲ್ಲಿ ಹೆದರಿಕೆ ಇದ್ದದ್ದು ಆ ಜಾಗದ್ದು ಮಾತ್ರ. "ಕಣ್ಣು ಎಲ್ಲಿತ್ತು ನಿಂದು, ಅನ್ನ ತಿನ್ನುದಿಲ್ವಾ, ನಿನ್ನಿಂದ ಟೀಮು ಹಾಳು." ಎಲ್ಲರೂ ಕೇಳುವ ಹಾಗೆ.

ಮೂರನೇ ಭೇಟಿಯಲ್ಲಿ ಉಳಿದದ್ದು ಹೊರಗೆ ಬಂತು. ನಾನು ಅಂದುಕೊಂಡಿದ್ದು ಅದಲ್ಲ.

ಹೊಟ್ಟೆನೋವು ಶುರುವಾದದ್ದು ಸೋತ ಪಂದ್ಯದ ನಂತರ ಅಲ್ಲ, ಗೆದ್ದ ಪಂದ್ಯದ ನಂತರ. ಹೊನಲು ಬೆಳಕಿನ ಪಂದ್ಯಾಟ, ಫೈನಲ್. ಒಂದು ಅಂಕದಿಂದ ಇವರು ಮುಂದೆ. ಕೊನೆಯ ರೈಡಿಗೆ ಬಂದವನು ಇವನದ್ದೇ ಶಾಲೆಯವನು, ಪಕ್ಕದ ಊರಿನ ಟೀಮು. ಕಾಲು ಚಾಚಿದ. ಬೆರಳು ಇವನ ಮಣಿಗಂಟಿಗೆ ತಾಗಿತು. ರೈಡರ್ ಮಧ್ಯರೇಖೆ ಮುಟ್ಟಿ, ತಾಗಿತು ಎಂದು ಕೈ ಎತ್ತಿದ. ಅಂಪೈರಿಗೆ ಕಂಡಿರಲಿಲ್ಲ. ಊರಿನ ಪಂದ್ಯಾಟದಲ್ಲಿ ಟಿವಿಯಲ್ಲಿ ಬರುವ ಹಾಗೆ ರಿವ್ಯೂ ಇರುವುದಿಲ್ಲ. "ತಾಗಿತಾ?" ಎಂದು ಅಂಪೈರ್ ಕೇಳಿದರು. ಇವನು ತಲೆ ಅಲ್ಲಾಡಿಸಿದ. ಇಲ್ಲ.

"ಯಾಕೆ ಹಾಗೆ ಹೇಳಿದೆ?" ಎಂದು ನಾನು ಕೇಳಲಿಲ್ಲ. ಅವನೇ ಹೇಳಿದ. "ಹೊರಗೆ ಹೋಗಿ ಕೂರಲಿಕ್ಕೆ ಆಗ್ತಿರಲಿಲ್ಲ."

ಆ ಅಂಕ ಕೊಟ್ಟಿದ್ದರೂ ಸೋಲುತ್ತಿರಲಿಲ್ಲ, ಸಮ ಆಗುತ್ತಿತ್ತು ಅಷ್ಟೇ. ಟೀಮಿನವರು ಇವನನ್ನೇ ಹೆಗಲ ಮೇಲೆ ಹೊತ್ತರು. ಸೋಮವಾರ ಬಸ್ಸಿನಲ್ಲಿ ಆ ರೈಡರ್ ಹುಡುಗ ಯಾವತ್ತಿನ ಹಾಗೆ ಪಕ್ಕದಲ್ಲಿ ಜಾಗ ಹಿಡಿದು ಕೊಟ್ಟ. ಅದನ್ನು ಹೇಳುವಾಗ ಇವನು ಅತ್ತ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಈ ಹುಡುಗ ಸುಳ್ಳುಗಾರ ಅಲ್ಲ. ಔಟಾಗುವುದಕ್ಕೆ ನಾವು ಇಟ್ಟ ಬೆಲೆ ಅವನ ವಯಸ್ಸಿಗೆ ಜಾಸ್ತಿಯಾಯಿತು. ಸತ್ಯ ಹೇಳು ಎಂದು ಮಕ್ಕಳಿಗೆ ಹೇಳುವವರು, ಹೇಳಿದ ಮೇಲೆ ಅವರು ಎಲ್ಲಿ ಹೋಗಿ ಕೂರಬೇಕು ಎಂಬುದನ್ನೂ ನೋಡಬೇಕು.

ಕೋಚ್ ಹತ್ತಿರ ಮಾತಾಡಬಹುದಾ, ಏನು ಹೇಳಬಹುದು ಎಂದು ಹುಡುಗನನ್ನೇ ಕೇಳಿದೆ. ಬೈಗುಳದ ವಿಷಯ ಹೇಳಬಹುದು, ಟಚ್ ವಿಷಯ ಬೇಡ ಎಂದ. ಹಾಗೇ ಆಗಲಿ ಎಂದೆ, ಹಾಗೇ ನಡೆದುಕೊಂಡೆ.

ಕೋಚ್ ಗ್ಯಾರೇಜ್ ಕೆಲಸದವರು. ಹಿಂದೆ ಒಳ್ಳೆಯ ಆಟಗಾರ. ಸಂಜೆ ಆರರಿಂದ ಎಂಟರವರೆಗೆ ಹುಡುಗರಿಗೆ ಹೇಳಿಕೊಡುತ್ತಾರೆ, ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಮೊಣಕಾಲಿಗೆ ಹಾಕುವ ನೀ-ಕ್ಯಾಪ್, ಬಸ್ಸಿನ ಚಾರ್ಜು ಎಲ್ಲ ಸ್ವಂತ ಕಿಸೆಯಿಂದ. "ನನಗೂ ನನ್ನ ಗುರುಗಳು ಹೊಡೆದೇ ಕಲಿಸಿದ್ದು ಮೇಡಂ. ಬೈಯದಿದ್ದರೆ ಇವರು ಮೇಲೆ ಬರುದು ಹೇಗೆ? ನಮ್ಮ ಕಾರ್ಕಳ ಕಡೆಯ ಮಮತಾ ಪೂಜಾರಿ ಭಾರತ ತಂಡದ ನಾಯಕಿ ಆದರು, 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಸುಮ್ನೆ ಬಂತಾ?" ಎಂದರು. ಆಟದಲ್ಲಿ ಹೆಸರು ಮಾಡಿದರೆ ಕ್ರೀಡಾ ಕೋಟಾದಲ್ಲಿ ಕಾಲೇಜು ಸೀಟು ಸಿಗಬಹುದು, ಬೀಡಿ ಕಟ್ಟುವ ಮನೆಗೆ ಅದು ಸಣ್ಣ ವಿಷಯ ಅಲ್ಲ ಎಂದೂ ಹೇಳಿದರು. ಒಪ್ಪಿದೆ. ಗೆಲ್ಲಬೇಕು ಎನ್ನುವ ಹಟ ತಪ್ಪು ಎಂದು ನಾನು ಯಾವ ಕೋಚಿಗೂ ಹೇಳುವುದಿಲ್ಲ. ಮಕ್ಕಳಿಗೂ ಗೆಲ್ಲುವ ಆಸೆ ಇರುತ್ತದೆ, ಅದಿಲ್ಲದಿದ್ದರೆ ಅದೇನು ಆಟ?

ಉಪದೇಶ ಮಾಡಲಿಲ್ಲ. ಈಗ ನಮ್ಮಲ್ಲಿ ಸಣ್ಣ ಪಂದ್ಯಾಟವೂ ಯೂಟ್ಯೂಬಿನಲ್ಲಿ ಲೈವ್ ಬರುತ್ತದಲ್ವಾ, ಅವರ ಎರಡು ಹಳೆಯ ಪಂದ್ಯ ಒಟ್ಟಿಗೆ ನೋಡಿದೆವು. ಎಡ ಕಾರ್ನರ್ ಎಷ್ಟು ಸಲ ಹಿಡಿಯಲು ನುಗ್ಗಿದ ಎಂದು ಅವರೇ ಲೆಕ್ಕ ಹಾಕಿದರು. ಮೊದಲ ಸಲ ಔಟಾಗುವ ಮುಂಚೆ, ಎರಡೂ ಪಂದ್ಯ ಸೇರಿ, ಏಳು. ಬೈಸಿಕೊಂಡು ಒಳಗೆ ಹೋದ ಮೇಲೆ ಒಂದು. ಉಳಿದ ಹೊತ್ತೆಲ್ಲ ಹುಡುಗ ಹಿಂದಿನ ಗೆರೆಯ ಹತ್ತಿರ, ಕಾಲು ಹಿಂದಕ್ಕೆ ಎಳೆದುಕೊಂಡು. ಕೋಚ್ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬಲ ಕಾರ್ನರಿನವನೂ ಹಾಗೇ ಮಾಡ್ತಾನೆ" ಎಂದರು. ನಾನು ಅವನನ್ನು ಗಮನಿಸಿಯೇ ಇರಲಿಲ್ಲ.

ಕಾರ್ನರ್ ಆಡುವವನು ಧೈರ್ಯ ಮಾಡಿ ನುಗ್ಗಿದರೆ ಹತ್ತರಲ್ಲಿ ಕೆಲವು ಸಲ ಔಟ್ ಆಗಿಯೇ ಆಗುತ್ತಾನೆ. ಅವನಿಗೆ ಬೈಯುವುದೆಂದರೆ ಇನ್ನು ಮೇಲೆ ನುಗ್ಗಬೇಡ ಎಂದ ಹಾಗೆ. ಈ ಮಾತು ಅವರಿಗೆ ಆಟದ ಮಾತಾಗಿಯೇ ಅರ್ಥವಾಯಿತು.

ಕೊಟ್ಟ ಸಲಹೆ ಇಷ್ಟು. ಹುಡುಗ ಹೊರಗೆ ಬಂದರೆ ಮೊದಲು ನೀರಿನ ಬಾಟಲಿ. ಉಸಿರು ಇಳಿಯುವವರೆಗೆ ಮಾತು ಬೇಡ. ಹೇಳಲೇಬೇಕಾದರೆ ಒಂದೇ ಮಾತು, ಮುಂದೆ ಏನು ಮಾಡಬೇಕು ಎಂಬುದು: "ಅವನು ಬಲಗಾಲು ಚಾಚ್ತಾನೆ, ಕಾಯ್ದು ಹಿಡಿ." ತಪ್ಪಿನ ಲೆಕ್ಕ ಮರುದಿನದ ಪ್ರಾಕ್ಟೀಸಿಗೆ ಇರಲಿ. ಬೈಗುಳ ಬಾಯಿಗೆ ಬಂದೇ ಬರುತ್ತದೆ ಎಂದರೆ ಔಟಾದವರ ಪಕ್ಕ ದೊಡ್ಡ ಹುಡುಗನೊಬ್ಬನನ್ನು ಕೂರಿಸಿ, ನೀವು ಎರಡು ಮಾರು ದೂರ ನಿಲ್ಲಿ. ಇನ್ನೊಂದು ವಿಷಯ ಮಾತಿನ ಮಧ್ಯೆ ಬಂತು. 55 ಕೆ.ಜಿ. ಒಳಗಿನವರ ಪಂದ್ಯಾಟದ ಹಿಂದಿನ ದಿನ ಹುಡುಗರಿಗೆ ನೀರು, ಊಟ ಬಿಡಿಸಿ ತೂಕ ಇಳಿಸುವುದು. ಕರಾವಳಿಯ ಸೆಕೆಗೆ ಇದು ಅಪಾಯ, ಪೂರ್ತಿ ನಿಲ್ಲಿಸಿ ಎಂದೆ. ಇದರಲ್ಲಿ ಚರ್ಚೆಗೆ ಜಾಗ ಕೊಡಲಿಲ್ಲ.

ಹುಡುಗನಿಗೆ ಕೊಟ್ಟ ಸಲಹೆ ಬೇರೆ. ಟ್ರೋಫಿ ವಾಪಸ್ ಕೊಡು, ಎಲ್ಲರ ಎದುರು ತಪ್ಪು ಒಪ್ಪಿಕೋ ಎಂದು ಹೇಳಲಿಲ್ಲ. ಅದು ಮಗುವಿನ ಮೇಲೆ ಇನ್ನೊಂದು ಪಂದ್ಯ ಹೇರಿದ ಹಾಗೆ. ಯಾರಿಗೆ ಹೇಳಿದರೆ ನಿನಗೆ ಹಗುರ ಆಗುತ್ತದೆ ಎಂದು ಕೇಳಿದೆ. ಆ ರೈಡರ್‌ಗೆ ಎಂದ. ಏನು ಹೇಳುತ್ತೀ ಎಂದು ನನ್ನ ಎದುರೇ ನಾಲ್ಕು ಸಲ ಹೇಳಿ ನೋಡಿದ. ಬಸ್ ಸ್ಟ್ಯಾಂಡಿನಲ್ಲಿ ಹೇಳಿದನಂತೆ. "ನನಗೆ ಆವತ್ತೇ ಗೊತ್ತಿತ್ತು ಮಾರಾಯ" ಎಂದನಂತೆ ಅವನು. ಎರಡು ದಿನ ಮಾತು ಬಿಟ್ಟು, ಮೂರನೇ ದಿನ ಮತ್ತೆ ಜಾಗ ಹಿಡಿದ.

ಅದಾದ ಮೇಲೆ ಕೋಚಿಗೂ ಇವನೇ ಹೇಳಿದ. ಆ ರಾತ್ರಿ ಕೋಚ್ ನನಗೆ ಫೋನ್ ಮಾಡಿದರು. "ಅಂಪೈರ್ ಕಾಣದಿದ್ದರೆ ಸುಮ್ನೆ ನಿಲ್ಲು ಅಂತ ಹೇಳಿಕೊಟ್ಟದ್ದು ನಾನೇ ಮೇಡಂ." ಸ್ವಲ್ಪ ತಡೆದು, "ಟಚ್ ಆದರೂ ಎದುರಿನವರು ಕೈ ಎತ್ತಿ ಒಪ್ಪುದಿಲ್ಲ, ನಾವು ಮಾತ್ರ ಯಾಕೆ?" ಎಂದೂ ಕೇಳಿದರು. ಇದು ನಿಜವಾದ ಪ್ರಶ್ನೆ, ಸುಲಭದ ಉತ್ತರ ಇಲ್ಲ. ಕೆಲವು ಅಂಕ ಹೋಗುತ್ತದೆ, ಒಂದೆರಡು ಪಂದ್ಯವೂ ಹೋಗಬಹುದು ಎಂದೆ. ಆದರೆ ಇದರ ತೀರ್ಮಾನ ನಿಮ್ಮದಾಗಬೇಕು, ಕೊನೆಯ ರೈಡಿನ ಹೊತ್ತಿಗೆ ಹದಿನಾಲ್ಕು ವರ್ಷದ ಹುಡುಗನ ತಲೆ ಮೇಲೆ ಬಿಡಬೇಡಿ ಎಂದೆ. ಪ್ರಾಕ್ಟೀಸಿನಲ್ಲಿ ಅಂಪೈರ್ ಇರುವುದಿಲ್ಲ, ಟಚ್ ಆದವನೇ ಕೈ ಎತ್ತಿ ಹೊರಗೆ ಬರುವ ರೂಢಿ ಅಲ್ಲಿಂದ ಶುರು ಮಾಡಿ ಎಂದೂ ಹೇಳಿದೆ. ನೋಡುತ್ತೇನೆ ಎಂದರು.

ಇಂಥ ನೋವು, ಮೌನ ಮನೆಯಲ್ಲಿ ಕಂಡು, ಸಲಹೆಗಾರರ ಹತ್ತಿರ ಹೋಗಲು ಆಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ.

ಹುಡುಗ ಈಗ ತಿಂಗಳಿಗೊಮ್ಮೆ ಬರುತ್ತಾನೆ. ನೋವು ಪೂರ್ತಿ ಹೋಗಿಲ್ಲ, ದೊಡ್ಡ ಪಂದ್ಯದ ಬೆಳಿಗ್ಗೆ ಸ್ವಲ್ಪ ಇರುತ್ತದೆ. ಕಳೆದ ಆದಿತ್ಯವಾರ ರಾತ್ರಿ ಹನ್ನೊಂದಕ್ಕೆ ಕೋಚ್ ಮೆಸೇಜ್ ಹಾಕಿದ್ದರು. ಸೆಮಿಫೈನಲ್ ಸೋತರಂತೆ. ಎಡ ಕಾರ್ನರ್ ಮೂರು ಸಲ ಔಟು, ಆದರೆ ಐದು ಸಲ ನುಗ್ಗಿದ, ಮೂರು ಕ್ಯಾಚ್. "ಒಮ್ಮೆ ಬೈದು ಹೋಯ್ತು ಮೇಡಂ. ಆಮೇಲೆ ನೀರು ನಾನೇ ಕೊಟ್ಟೆ."