ಪುಣೆಯಲ್ಲಿ ಎರಡು ವಾರದ ಬಯಾಲಜಿ ಲ್ಯಾಬ್ ತರಬೇತಿಗೆ ಸೇರಲೇ?

ಎಂ.ಎಸ್ಸಿ. ಬಯೋಟೆಕ್ ಓದಲು ವಿಜಯಪುರದಿಂದ ಪುಣೆಗೆ ಬಂದಿದ್ದೀರಿ, ಡಿಎನ್‌ಎ ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡುವ ಪಿಸಿಆರ್ ಅನ್ನು ಬೋರ್ಡಿನ ಮೇಲೆ ಮಾತ್ರ ನೋಡಿದ್ದೀರಿ, ರೊಕ್ಕ ಕೊಟ್ಟು ತರಬೇತಿಗೆ ಸೇರಲೇ ಎಂದು ಕೇಳಿದ್ದೀರಿ. ಸೇರಿ. ಆದರೆ ಫೀಸು ಕಟ್ಟುವ ಮೊದಲು ಫೋನ್ ಮಾಡಿ ಕೇಳಿ: ಒಂದು ಪಿಪೆಟ್‌ಗೆ (ಹನಿಯಷ್ಟು ದ್ರವವನ್ನು ಅಳೆದು ಹಾಕುವ ಉಪಕರಣ) ಎಷ್ಟು ಮಂದಿ?

ನಾನು ಮೊದಲು ಹೋದ ಕಡೆ ಒಂದು ಬೆಂಚಿಗೆ ಹನ್ನೆರಡು ಮಂದಿ. ಸರ್ ಮಾಡಿ ತೋರಿಸಿದರು, ನಾವು ಫೋಟೋ ಹೊಡೆದುಕೊಂಡೆವು, ಸರ್ಟಿಫಿಕೇಟ್ ಸಿಕ್ಕಿತು. ಊರಿಂದ ಅಪ್ಪ ಕಳಿಸಿದ ರೊಕ್ಕ ಅದು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಎರಡನೇ ಸಲ ಇಬ್ಬರಿಗೊಂದು ಪಿಪೆಟ್ ಇದ್ದ ಕಡೆ ಹೋದೆ. ಮೊದಲ ದಿನ ಡಿಎನ್‌ಎ ಮುಟ್ಟಗೊಡಲೇ ಇಲ್ಲ, ಬರೀ ನೀರು. 100 ಮೈಕ್ರೋಲೀಟರ್ ನೀರನ್ನು ಬ್ಯಾಲೆನ್ಸ್ ಮೇಲಿನ ಟ್ಯೂಬಿಗೆ ಬಿಟ್ಟರೆ 100 ಮಿಲಿಗ್ರಾಂ ತೂಗಬೇಕು. ನನ್ನದು 108, ಆಮೇಲೆ 93. ನೀರು ಎಳೆಯುವಾಗ ಪಿಪೆಟ್‌ನ ಗುಂಡಿಯನ್ನು ಮೊದಲ ತಡೆ ಸಿಗುವ ಫಸ್ಟ್ ಸ್ಟಾಪ್‌ವರೆಗೆ ಮಾತ್ರ ಒತ್ತಬೇಕು, ನಾನು ಸೆಕೆಂಡ್ ಸ್ಟಾಪ್‌ವರೆಗೂ ಒತ್ತುತ್ತಿದ್ದೆ, ಅದಕ್ಕೇ ಹೆಚ್ಚು. ಹೆಬ್ಬೆರಳನ್ನು ಪಟ್ಟನೆ ಬಿಟ್ಟಾಗ ಪಿಪೆಟ್ ತುದಿಯ ಪ್ಲಾಸ್ಟಿಕ್ ಟಿಪ್‌ನೊಳಗೆ ಗುಳ್ಳೆ, ಅದಕ್ಕೇ ಕಡಿಮೆ. ಸಂಜೆಯ ಹೊತ್ತಿಗೆ 99, 100, 100.

ಪಿಸಿಆರ್‌ನಲ್ಲಿ ಈ ಕೈಯೇ ಎಲ್ಲ. 95 ಡಿಗ್ರಿಯಲ್ಲಿ ಡಿಎನ್‌ಎ ಎಳೆ ಬಿಚ್ಚುತ್ತದೆ, 55ರ ಆಸುಪಾಸಿನಲ್ಲಿ ಪ್ರೈಮರ್ ಎಂಬ ಗಿಡ್ಡ ಡಿಎನ್‌ಎ ತುಂಡು ಅದರ ಮೇಲೆ ಕೂರುತ್ತದೆ, 72ರಲ್ಲಿ ಟ್ಯಾಕ್ ಪಾಲಿಮರೇಸ್ ಎಂಬ ಕಿಣ್ವ ಹೊಸ ಎಳೆ ಕಟ್ಟುತ್ತದೆ. ಪ್ರತಿ ಸುತ್ತಿಗೂ ಇಮ್ಮಡಿಯಾದರೆ 30 ಸುತ್ತಿಗೆ ಒಂದು ತುಣುಕು 107 ಕೋಟಿ ದಾಟುತ್ತದೆ. ಹಾಗಾಗಿ ತಪ್ಪಿ ಬಿದ್ದ ಒಂದು ಕಣವೂ ಅಷ್ಟೇ ಬೆಳೆಯುತ್ತದೆ. ಪಿಸಿಆರ್ ಮುಗಿದ ಮೇಲೆ ಡಿಎನ್‌ಎಯನ್ನು ಬೇರ್ಪಡಿಸಿ ನೋಡುವ ನನ್ನ ಜೆಲ್‌ನಲ್ಲಿ, ಡಿಎನ್‌ಎ ಬದಲು ನೀರು ಹಾಕಿದ್ದ ನೆಗೆಟಿವ್ ಕಂಟ್ರೋಲ್‌ನಲ್ಲೂ ಬರಬಾರದ ಡಿಎನ್‌ಎ ಗೆರೆ, ಅಂದರೆ ಬ್ಯಾಂಡ್, ಹೊಳೆಯಿತು! ಮೇಡಂ ಬೈಯಲಿಲ್ಲ. ಒಂದೊಂದೇ ವಸ್ತು ಹೊಸದಾಗಿ ತೆಗೆದುಕೊಂಡು ಮತ್ತೆ ಮಾಡಿಸಿದರು. ಎರಡು ದಿನ ಹಿಡಿಯಿತು. ಡಿಎನ್‌ಎ ಮುಟ್ಟಿದ ಟಿಪ್ಪನ್ನು ಬದಲಿಸದೆ ನೀರಿನ ಟ್ಯೂಬಿಗೆ ಅದ್ದಿದ್ದೆ ನಾನು. ಆ ಎರಡು ದಿನ ಕಲಿಸಿದ್ದನ್ನು ಯಾವ ಸ್ಲೈಡೂ ಕಲಿಸಲಿಲ್ಲ. ಅದಕ್ಕೇ ಫೋನಿನಲ್ಲಿ ಇದನ್ನೂ ಕೇಳಿ: ಪ್ರಯೋಗ ಕೆಟ್ಟರೆ ಮತ್ತೆ ಮಾಡಲು ಸಮಯ, ಕೆಮಿಕಲ್ ಕೊಡುತ್ತೀರಾ? ತಡವರಿಸಿದರೆ ಬಿಟ್ಟುಬಿಡಿ.

ರೊಕ್ಕ ಕೊಡದ ದಾರಿಯೂ ಇದೆ. ಬೆಂಗಳೂರು, ದೆಹಲಿ, ಪ್ರಯಾಗರಾಜ್‌ನ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಸಮ್ಮರ್ ಫೆಲೋಶಿಪ್‌ನಲ್ಲಿ ಎರಡು ತಿಂಗಳು ನಿಜವಾದ ಲ್ಯಾಬ್, ಜೊತೆಗೆ ಸ್ಟೈಪೆಂಡ್. ಅರ್ಜಿ ಬೇಸಿಗೆಗೆ ತಿಂಗಳುಗಟ್ಟಲೆ ಮೊದಲೇ ಮುಗಿಯುತ್ತದೆ, ಕಣ್ಣಿಟ್ಟಿರಿ. ಪುಣೆಯಲ್ಲೇ ವಿಶ್ವವಿದ್ಯಾಲಯದ ಆವರಣದಲ್ಲಿ ಎನ್‌ಸಿಸಿಎಸ್ (ಜೀವಕೋಶ ವಿಜ್ಞಾನ ಕೇಂದ್ರ) ಇದೆ, ಪಾಷಾಣ್ ಬಡಾವಣೆಯಲ್ಲಿ ಎನ್‌ಸಿಎಲ್ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ), ಐಸರ್ (ವಿಜ್ಞಾನ ಶಿಕ್ಷಣ, ಸಂಶೋಧನಾ ಸಂಸ್ಥೆ) ಇವೆ. ಅಲ್ಲಿನ ವಿಜ್ಞಾನಿಗಳ ಕೆಲಸ ಓದಿಕೊಂಡು ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಬರೆಯಿರಿ, ಒಂದೇ ಮೇಲ್ ಎಲ್ಲರಿಗೂ ಕಳಿಸಬೇಡಿ.

ಜೆಲ್‌ಗೆ ಸ್ಯಾಂಪಲ್ ಹಾಕುವಾಗ ಎಲ್ಲರ ಕೈಯೂ ನಡುಗುತ್ತದೆ. ಮೊಣಕೈ ಬೆಂಚಿಗೆ ಊರಿ, ಎಡಗೈ ಬೆರಳಿಂದ ಟಿಪ್‌ಗೆ ಆಸರೆ ಕೊಡಿ, ತುದಿಯನ್ನು ವೆಲ್ ಎಂಬ ಜೆಲ್‌ನ ಗುಳಿಯ ತಳಕ್ಕೆ ಚುಚ್ಚದೆ ಅದರ ಬಾಯಿಯ ಹತ್ತಿರವೇ ನಿಲ್ಲಿಸಿ. ಸ್ಯಾಂಪಲ್‌ಗೆ ಬೆರೆಸಿದ ಬಣ್ಣದ ಡೈಯಲ್ಲಿರುವ ಗ್ಲಿಸರಾಲ್‌ನ ಭಾರಕ್ಕೆ ಸ್ಯಾಂಪಲ್ ತಾನಾಗಿಯೇ ಕೆಳಗಿಳಿಯುತ್ತದೆ.