'ಈಚ್', 'ಎನಿ', 'ನನ್' (none) ಮುಂದೆ ಏಕವಚನವೋ ಬಹುವಚನವೋ?

ಇಂಗ್ಲಿಷಿನ ಯಾವ ಸರ್ವನಾಮದ ಮುಂದೆ ನಾಮಪದ ಯಾವ ವಚನದಲ್ಲಿರಬೇಕು ಅಂತ ಪಟ್ಟಿ ಕೊಡಿ, ಬಾಯಿಪಾಠ ಮಾಡ್ತೀನಿ ಅಂದಿದ್ದೀರಿ. ದಯವಿಟ್ಟು ಪಟ್ಟಿ ಬೇಡ. ಅಂಥದ್ದೇ ಪಟ್ಟಿ ನಂಬಿ ನಾನು ಒಂದು ಕೆಲಸ ಕಳೆದುಕೊಂಡೆ.

ಬಿ.ಎಡ್. ಮುಗಿಸಿ ಗಂಗಾವತಿಯ ಒಂದು ಶಾಲೆಗೆ ಇಂಗ್ಲಿಷ್ ಡೆಮೊ ಕ್ಲಾಸ್ ಕೊಡಲು ಹೋಗಿದ್ದೆ. 'ಈಚ್ ಬಂದರೆ ಏಕವಚನ' ಅಂತ ಗಟ್ಟಿ ಮಾಡಿಕೊಂಡಿದ್ದೆ. ಬೋರ್ಡಿನ ಮೇಲೆ 'ಈಚ್ ಆಫ್ ದ ಬಾಯ್ ಹ್ಯಾಸ್ ಎ ಪೆನ್' ಅಂತ ಬರೆದೆ. ಹಿಂದೆ ಕೂತಿದ್ದ ಹಿರಿಯ ಮೇಷ್ಟ್ರು "ಬಾಯ್ಸ್ ಅಲ್ವಾ?" ಅಂದರು. ಇಲ್ಲ ಸರ್, ಈಚ್ ಇದೆಯಲ್ಲ ಅಂದೆ. ಅವರು ಮತ್ತೆ ಕೇಳಿದರು. ನಾನು ಮತ್ತೆ ವಾದಿಸಿದೆ. ಹುದ್ದೆ ಬೇರೆಯವರಿಗೆ ಹೋಯಿತು. ಆ ವರ್ಷವೆಲ್ಲ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆದೆ.

ನಾನು ಕಲಿತದ್ದು ಕ್ರಿಯಾಪದದ ನಿಯಮ. ಅದನ್ನು ನಾಮಪದಕ್ಕೂ ಹಚ್ಚಿಬಿಟ್ಟೆ. ಇವೆರಡೂ ಬೇರೆ ಬೇರೆ ಪ್ರಶ್ನೆ. 'ಈಚ್ ಆಫ್ ದ ಬ್ಯಾಗ್ಸ್ ಈಸ್ ಫುಲ್' ನೋಡಿ. 'ಆಫ್ ದ' ಅಂದ ಕೂಡಲೇ ಭತ್ತದ ಚೀಲಗಳ ಇಡೀ ರಾಶಿ ಕಣ್ಣಮುಂದೆ ಬರಬೇಕು. ರಾಶಿ ಅಂದ ಮೇಲೆ ಚೀಲ ಒಂದೇ ಇರುವುದಿಲ್ಲ, ಅದಕ್ಕೆ ಬ್ಯಾಗ್ಸ್. ಮಾತು ಮಾತ್ರ ಒಂದೊಂದು ಚೀಲದ್ದು, ಅದಕ್ಕೆ ಈಸ್. 'ಒನ್ ಆಫ್ ದ ಬ್ಯಾಗ್ಸ್' ಕೂಡ ಹೀಗೇ. ಆಫ್ ಇಲ್ಲದಿದ್ದರೆ ಈಚ್ ಬ್ಯಾಗ್, ಎವ್ರಿ ಬ್ಯಾಗ್. ನಾವು ಮನೆಯಲ್ಲಿ 'ಹತ್ತು ಚೀಲ', 'ಎಷ್ಟೋ ಚೀಲ' ಅನ್ನುತ್ತೇವೆ, ಯಾರೂ 'ಗಳು' ಹಚ್ಚುವುದಿಲ್ಲ. ಹಾಗಾಗಿ ಈ ತಪ್ಪು ನಮ್ಮ ಕಿವಿಗೆ ಬೀಳುವುದೇ ಇಲ್ಲ.

ಇನ್ನೊಂದು. ಸರ್ವನಾಮದ ಮುಂದೆ ನಾಮಪದ ನೇರವಾಗಿ ಬರುತ್ತದೆ ಅಂದುಕೊಂಡಿದ್ದೀರಿ. ಹಾಗೆ ಬಂದರೆ ಆ ಪದ ಅಲ್ಲಿ ಸರ್ವನಾಮವೇ ಅಲ್ಲ, ಡಿಟರ್ಮಿನರ್, ಅಂದರೆ ನಾಮಪದಕ್ಕೆ ಅಂಟಿಕೊಂಡು ಯಾವುದು, ಎಷ್ಟು ಅಂತ ಹೇಳುವ ಪದ. 'ಈಚ್ ಬ್ಯಾಗ್'ನಲ್ಲಿ ಈಚ್ ಡಿಟರ್ಮಿನರ್, 'ಈಚ್ ಆಫ್ ದ ಬ್ಯಾಗ್ಸ್'ನಲ್ಲಿ ಸರ್ವನಾಮ. ಕೋಚಿಂಗ್ ನೋಟ್ಸ್‌ಗಳು ಇವೆರಡನ್ನೂ ಒಂದೇ ಪಟ್ಟಿಗೆ ತುರುಕಿದರೆ ಮಕ್ಕಳು ಎಡವದೆ ಇನ್ನೇನು ಮಾಡ್ತಾರೆ?

ಉಳಿದದ್ದು ಸುಲಭ. ಬೋತ್, ಫ್ಯೂ, ಸೆವೆರಲ್, ಮೆನಿ ಮುಂದೆ ಆಫ್ ಇರಲಿ ಬಿಡಲಿ, ನಾಮಪದ ಬಹುವಚನ, ಕ್ರಿಯಾಪದವೂ ಬಹುವಚನ. 'ಮೆನಿ ಎ ಮ್ಯಾನ್' ಥರದ ಹಳೇ ಬಳಕೆ ಮಾತ್ರ ಬೇರೆ. ಎನಿ ಬ್ಯಾಗ್, ಎನಿ ಬ್ಯಾಗ್ಸ್ ಎರಡೂ ಸರಿ. 'ನನ್ ಆಫ್ ದ ಬ್ಯಾಗ್ಸ್' ಆದಮೇಲೆ ಈಸ್, ಆರ್ ಎರಡೂ ನಡೆಯುತ್ತವೆ. ರೈಸ್ ಎಣಿಸುವ ವಸ್ತುವಲ್ಲ, ಆದ್ದರಿಂದ 'ಆಲ್ ಆಫ್ ದ ರೈಸ್ ಈಸ್'. ಎವ್ರಿಗೆ ನೇರವಾಗಿ ಆಫ್ ಹಚ್ಚಬೇಡಿ, 'ಎವ್ರಿ ಒನ್ ಆಫ್ ದ ಬ್ಯಾಗ್ಸ್' ಅಂತಲೇ ಬರೆಯಿರಿ.